ಪೆನ್ನೇರಿಗೆ ಬಿದ್ದವನ ಹೆಸರು

"ಆ ಹಿಂದೂಪುರದವರು ಈ ಹೊಸ್ತಿಲು ತುಳಿದ ದಿನ ನಾನು ಈ ಮನೆಯಲ್ಲಿ ಇರೋದಿಲ್ಲ... ಹೇಳಿದ್ದೀನಿ!"

ಕಲ್ಯಾಣದುರ್ಗದ ಆ ಮನೆಯಲ್ಲಿ ಬೆಳಗಿನ ಕಾಫಿ ಇನ್ನೂ ಲೋಟದಲ್ಲಿ ಆರುತ್ತಿದ್ದಾಗಲೇ ರಘುನಾಥ್ ಮೇಷ್ಟ್ರು ಹೀಗೆ ಗುಡುಗಿದರು. ಅವರ ಬಲಗೈಯಲ್ಲಿ ಗುಲಾಬಿ ಬಣ್ಣದ ಒಂದು ಕಾಗದವಿತ್ತು. ಸಿನಿಮಾ ಟಿಕೆಟ್ಟಿನ ಆಕಾರದಲ್ಲಿ ಕತ್ತರಿಸಿ, ಒಂದು ತುದಿಯಲ್ಲಿ ಹರಿಯಲು ಚುಕ್ಕಿಗೆರೆಯನ್ನೂ ಹಾಕಿ, 'ಹೊಸ ಹೀರೋಯಿನ್ ಬಿಡುಗಡೆ! ಭಾನುವಾರ ಬೆಳಗ್ಗೆ ಹತ್ತೂಮುಕ್ಕಾಲಕ್ಕೆ, ಎಲ್ಲ ಸೀಟುಗಳೂ ಉಚಿತ' ಎಂದು ಅಚ್ಚು ಹಾಕಿಸಿದ್ದ ಆ ಕಾಗದ ಅವರ ಸ್ವಂತ ಮೊಮ್ಮಗಳ ನಾಮಕರಣದ ಆಹ್ವಾನಪತ್ರಿಕೆಯಾಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ಹೆಡ್‌ಮಾಸ್ಟರಾಗಿ ಹೋದ ವರ್ಷವಷ್ಟೇ ನಿವೃತ್ತರಾದ ಮನುಷ್ಯ ಅವರು. ಅವರ ಮನೆಯಲ್ಲಿ ಟಿವಿ ಇತ್ತು ನಿಜ, ಆದರೆ ವಾರ್ತೆ ಮತ್ತು ಹವಾಮಾನ ಬಿಟ್ಟು ಬೇರೇನನ್ನೂ ತೋರಿಸಲು ಆ ಟಿವಿಗೇ ಹೆದರಿಕೆ. ಅಂಥ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಸಿನಿಮಾ ಟಿಕೆಟ್ಟು!

ಟಿಕೆಟ್ಟಿನ ಯೋಚನೆ ಸೊಸೆ ಸ್ಪಂದನಳದು. ಈಗ ಎಲ್ಲರೂ ಸಮಾರಂಭಕ್ಕೊಂದು ಥೀಮ್ ಇಡುತ್ತಾರೆ, ನಮ್ಮದು ಸಿನಿಮಾ ಥೀಮ್ ಆಗಲಿ ಎಂದು ಅವಳು ಫೋನು ನೋಡಿ ತೀರ್ಮಾನಿಸಿದ್ದಳು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ಅವಳ ಗಂಡ ಮುರಳಿಕೃಷ್ಣ ಎಂದಿನಂತೆ ತಲೆಯಾಡಿಸಿದ್ದ. ಸಾವಿರಾರು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರಿಗೆ ಸೊಸೆಯ ಎದುರು ದನಿ ಎತ್ತುವ ಧೈರ್ಯವಿರಲಿಲ್ಲ. ಹಾಗಾಗಿ ಅನೇಕ ಮನೆಗಳ ಯಜಮಾನರು ಮಾಡುವ ಹಾಗೆ, ನೂರು ಕಿಲೋಮೀಟರು ದೂರದಲ್ಲಿದ್ದವರ ಮೇಲೆ ಸಿಟ್ಟು ತಿರುಗಿಸಿದರು. ಈ ಸಿನಿಮಾ ಹುಚ್ಚು ನಮ್ಮ ವಂಶದಲ್ಲಿ ಎಲ್ಲಿಂದ ಬಂತು? ಹಿಂದೂಪುರದಿಂದ! ಅವರನ್ನೇ ಈಗ ಹೆಸರು ಕೂಗಲು ಕರೆಸಬೇಕಂತೆ!

ಹಿಂದೂಪುರದವರು ಎಂದರೆ ಯಾವುದೋ ದೊಡ್ಡ ಗುಂಪು ಎಂದುಕೊಳ್ಳಬೇಡಿ. ಒಬ್ಬಳೇ ಹೆಂಗಸು. ಆದೆಮ್ಮ, ಮೇಷ್ಟ್ರ ಒಡಹುಟ್ಟಿದ ಅಕ್ಕ. ಇಪ್ಪತ್ತೆಂಟು ವರ್ಷಗಳಿಂದ ಮೇಷ್ಟ್ರ ಬಾಯಲ್ಲಿ 'ಅಕ್ಕ' ಎಂಬ ಮಾತು ಹೊರಟಿಲ್ಲ. ಸಾವು ನೋವುಗಳಲ್ಲಿ ಎದುರಾದರೆ 'ಹಿಂದೂಪುರದವರಿಗೆ ಎಲೆ ಹಾಕಿ' ಎಂದು ಗೋಡೆಯ ಕಡೆ ತಿರುಗಿ ಹೇಳುವುದು, ಅಷ್ಟೇ. ಎಂಥ ಹಟ ನೋಡಿ!

ಕಾರಣವಿತ್ತು. ಈ ಕಡೆ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ವೀಳ್ಯದೆಲೆಯನ್ನು ಮಗುವಿನ ಕಿವಿಗೆ ಮರೆ ಹಿಡಿದು ಮೂರು ಸಲ ಹೆಸರು ಹೇಳಬೇಕು. ಒಮ್ಮೆ ಕಿವಿಗೆ ಬಿದ್ದ ಹೆಸರನ್ನು ದೇವರು ಬಂದರೂ ಬದಲಾಯಿಸುವಂತಿಲ್ಲ. ಮುರಳಿಕೃಷ್ಣ ಹುಟ್ಟಿದ ತಿಂಗಳೇ ಅವನ ತಾತ, ರೊದ್ದಂ ಕಡೆಯ ರೈತ ಈರಲಿಂಗಪ್ಪ, ತೀರಿಕೊಂಡಿದ್ದರು. ಮಗುವಿಗೆ ತಾತನ ಹೆಸರೇ ಎಂದು ಇಡೀ ಮನೆ ನಿಶ್ಚಯಿಸಿತ್ತು. ತಂದೆಯನ್ನು ದೇವರೆಂದು ನಂಬಿದ್ದ ರಘುನಾಥ್ ಆ ಹೆಸರು ಮತ್ತೆ ಮನೆಯಲ್ಲಿ ಕೇಳಿಸುವ ಗಳಿಗೆಗಾಗಿ ಕಣ್ಣು ತುಂಬಿಕೊಂಡು ಕಾಯುತ್ತಿದ್ದರು. ಆದೆಮ್ಮ ಬಗ್ಗಿದಳು, ಎಲೆ ಮರೆ ಹಿಡಿದಳು, ಸ್ಪಷ್ಟವಾಗಿ ಮೂರು ಸಲ 'ಮುರಳಿಕೃಷ್ಣ' ಎಂದಳು! ಆಗಷ್ಟೇ ಬಿಡುಗಡೆಯಾಗಿದ್ದ 'ಪೆನ್ನೇಟಿ ಮೊನಗಾಡು', ಅಂದರೆ ಪೆನ್ನೇರು ಹೊಳೆಯ ಗಂಡುಗಲಿ, ಎಂಬ ತೆಲುಗು ಸಿನಿಮಾದ ನಾಯಕನ ಹೆಸರು ಅದು ಎಂದು ನೆರೆದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆ ಹೀಗೆ ಮಾಡಿದೆ ಎಂದು ತಮ್ಮ ಕೇಳಿದಾಗ ಆದೆಮ್ಮ ನೆಲ ನೋಡುತ್ತಾ, ಬಾಯಿಗೆ ಅದೇ ಬಂತು ಎಂದಳು. ಅಂದಿಗೆ ಅಕ್ಕ ತಮ್ಮನ ಸಂಬಂಧ ಮುರಿಯಿತು.

ಆ ಹೆಸರು ಹೊತ್ತ ಮಗ ಚೆನ್ನಾಗಿಯೇ ಬೆಳೆದ. ಆದರೆ ಮೇಷ್ಟ್ರಿಗೆ ಅವನ ವಿಷಯದಲ್ಲಿ ಒಂದು ವಿಚಿತ್ರ ಭಯವಿತ್ತು. ಅವನನ್ನು ನೀರಿನ ಹತ್ತಿರ ಬಿಡುತ್ತಿರಲಿಲ್ಲ. ಈಜು ಕಲಿಸಲಿಲ್ಲ, ಕೆರೆ ಏರಿ ಹತ್ತಲು ಬಿಡಲಿಲ್ಲ. ಇಪ್ಪತ್ತೆಂಟು ವರ್ಷದ ಮಗನ ಬಸ್ಸು ಯಾವುದಾದರೂ ಸೇತುವೆ ದಾಟುವ ಹೊತ್ತಿಗೆ ಫೋನು ಮಾಡಿ "ದಾಟಿದೆಯಾ?" ಎಂದು ಈಗಲೂ ಕೇಳುತ್ತಿದ್ದರು. ಜಾತಕದಲ್ಲಿ ಏನೋ ಇರಬೇಕು ಎಂದು ಮನೆಯವರು ಸುಮ್ಮನಿದ್ದರು.

ಈಗ ಮುರಳಿಕೃಷ್ಣನ ಮಗಳಿಗೆ ಹೆಸರು ಕೂಗಬೇಕು. ಮೇಷ್ಟ್ರಿಗೆ ಹೆಣ್ಣುಮಕ್ಕಳಿಲ್ಲ, ಹಾಗಾಗಿ ಮಗುವಿಗೆ ಸೋದರತ್ತೆ ಇಲ್ಲ. ನೆರೆಯವರಲ್ಲಿ ಯಾರಿಂದಲಾದರೂ ಕೂಗಿಸಿದರಾಯಿತು ಎಂದು ಮೇಷ್ಟ್ರು ವಾದಿಸುತ್ತಿದ್ದಾಗ, ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಗಂಗುಲಮ್ಮ ಕೈ ನಿಲ್ಲಿಸಿದರು. ಬ್ರಹ್ಮಸಮುದ್ರದಿಂದ ವಾರ ಮೊದಲೇ ಬಂದು ಕುಳಿತಿದ್ದ ಈ ಅಜ್ಜಿ ಮೇಷ್ಟ್ರ ಚಿಕ್ಕಮ್ಮ. ಆ ಮನೆಯಲ್ಲಿ ಹೆಡ್‌ಮಾಸ್ಟರನ್ನು ಇನ್ನೂ ಚಡ್ಡಿ ಹಾಕಿದ ಹುಡುಗನಂತೆ ಕಾಣುತ್ತಿದ್ದವರು ಅವರೊಬ್ಬರೇ.

"ಮನೆ ಹೆಣ್ಮಗಳು ಕೂಗ್ದಿದ್ರೆ ಮಗೀಗೆ ಹೆಸ್ರು ಅಂಟಾಕಿಲ್ಲ ಕಣಪ್ಪ," ಎಂದರು. "ನಿಂಗೆ ಮಗಳಿಲ್ಲ. ನಿಮ್ಮಪ್ಪಂಗೆ ಇರೋಳು ಒಬ್ಳೇ. ಅವ್ಳೇ ಬರ್ಬೇಕು. ನೀನು ಮನೆ ಬಿಟ್ಟು ಹೋಯ್ತೀಯಾ? ಹೋಗಪ್ಪ. ತೊಟ್ಲು ಶಾಸ್ತ್ರದಾಗೆ ಗಂಡಸ್ರಿಗೇನ್ ಕೆಲ್ಸ?"

ಮೇಷ್ಟ್ರು ಮನೆ ಬಿಟ್ಟು ಹೋಗಲಿಲ್ಲ. ಒಂದು ಷರತ್ತು ಹಾಕಿದರು. ಮಗುವಿಗೆ ತಮ್ಮ ತಾಯಿಯ ಹೆಸರು, ಲಕ್ಷ್ಮೀದೇವಿ. ಅದರಲ್ಲಿ ಒಂದಕ್ಷರ ಆಚೀಚೆ ಆಗಕೂಡದು. ಹಿಂದೂಪುರದವರು ಆ ಹೆಸರನ್ನು ನೂರು ಸಲ ಬರೆದು ತರಬೇಕು. ಮನೆಪಾಠ ಮಾಡದ ಹುಡುಗರಿಗೆ ಕೊಡುತ್ತಿದ್ದ ಶಿಕ್ಷೆಯನ್ನೇ ಅರವತ್ತೈದು ವರ್ಷದ ಅಕ್ಕನಿಗೂ ವಿಧಿಸಿದ ಮೇಲೆ ಅವರಿಗೆ ಆರಿದ ಕಾಫಿಯೂ ರುಚಿಸಿತು.

ಇತ್ತ ಹಿಂದೂಪುರದಲ್ಲಿ ಆದೆಮ್ಮ ಒಂದು ರೇಷ್ಮೆ ರವಿಕೆಗೆ ಕತ್ತರಿ ಹಾಕುತ್ತಿದ್ದಳು. ಗಂಡ ತೀರಿಕೊಂಡು ಹತ್ತು ವರ್ಷ, ಮಕ್ಕಳಿಲ್ಲ. ಗಲ್ಲಿಯೊಳಗಿನ ಆ ಹೊಲಿಗೆ ಅಂಗಡಿ ಮತ್ತು ಸಿನಿಮಾ, ಇವೆರಡೇ ಅವಳ ಸಂಸಾರ. ಶುಕ್ರವಾರ ಬಂತೆಂದರೆ ಹೊಲಿಗೆ ಮಿಷನ್ನಿಗೆ ರಜೆ. ಹನ್ನೊಂದಕ್ಕೇ ಉಂಡು, ಸ್ಟೀಲ್ ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ತುಂಬಿಕೊಂಡು, ಹೊಸ ಸಿನಿಮಾದ ಮೊದಲ ಆಟಕ್ಕೆ ಹೊರಟುಬಿಡುವಳು. ಯಾವ ಟಾಕೀಸಾದರೂ ಅವಳಿಗೆ ಕಂಬದ ಪಕ್ಕದ ಸೀಟೇ ಬೇಕು. ಅಲ್ಲಿಂದ ಅರ್ಧ ಪರದೆ ಕಾಣುವುದಿಲ್ಲವಲ್ಲ ಎಂದು ಕೇಳಿದವರಿಗೆ, ಉಳಿದರ್ಧ ನನಗೆ ಗೊತ್ತಾಗುತ್ತೆ ಎನ್ನುವಳು. ನಾಯಕಿ ಬೆನ್ನು ತಿರುಗಿಸಿದಾಗ ಮಾತ್ರ ಕಂಬದಾಚೆ ಕತ್ತು ಚಾಚಿ ರವಿಕೆಯ ಕತ್ತಿನ ವಿನ್ಯಾಸವನ್ನು ಕಣ್ಣಲ್ಲೇ ಅಳೆದುಕೊಂಡುಬಿಡುವಳು; ಶನಿವಾರ ಮಧ್ಯಾಹ್ನದೊಳಗೆ ಅದೇ ರವಿಕೆ ಅವಳ ಅಂಗಡಿಯ ಬಾಗಿಲಲ್ಲಿ ತೂಗುತ್ತಿರುತ್ತಿತ್ತು. ಈಗಿನ ಸಿನಿಮಾಗಳು ನೂರು ದಿನ ಓಡುವುದಿಲ್ಲ ಎಂಬುದು ಅವಳ ದೊಡ್ಡ ಸಂಕಟ. ಅದಕ್ಕಾಗಿ ಹದಿನಾಲ್ಕನೆಯ ದಿನಕ್ಕೇ ಉತ್ಸವ ಮಾಡಿ, ಪೊಲೀಸಿನ ಸಿನಿಮಾವಾದರೆ ಗಲ್ಲಿಯವರಿಗೆಲ್ಲ ಖಾಕಿ ಬಟ್ಟೆಯ ಕರ್ಚೀಫು, ದೇವರ ಸಿನಿಮಾವಾದರೆ ಪಾನಕ, ಅಳುವ ಸಿನಿಮಾವಾದರೆ ಖಾರದ ಚಿತ್ರಾನ್ನ ಹಂಚುವಳು. ಹೊಲಿದು ಉಳಿದ ಬಣ್ಣಬಣ್ಣದ ಬಟ್ಟೆಚೂರುಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ಕೂಡಿಟ್ಟು, ನಾಯಕ ಪರದೆಗೆ ಬಂದ ಕ್ಷಣ ಹಿಡಿಹಿಡಿಯಾಗಿ ಎರಚುವುದು ಅವಳ ಪರಮ ಸುಖ. ಕಾಗದದ ಚೂರು ಎರಚುವವರನ್ನು ಕಂಡರೆ ಅವಳಿಗೆ ತಾತ್ಸಾರ.

ಇಷ್ಟೆಲ್ಲ ಸುಖವಿದ್ದ ಹೆಂಗಸಿಗೆ ಒಂದೇ ಕೊರತೆ. ಪರದೆಯ ಮೇಲೆ ಯಾವ ತಮ್ಮನಾದರೂ 'ಅಕ್ಕಾ' ಎಂದು ಕರೆದರೆ ಸಾಕು, ಕಂಬಕ್ಕೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳುವಳು. ಹಾಸ್ಯದ ಸಿನಿಮಾದಲ್ಲೂ ಅಳುವಳು. ಸಾಯುವ ಮೊದಲು ಒಂದು ಸಲ, ಒಂದೇ ಒಂದು ಸಲ, ರಘುವಿನ ಬಾಯಿಂದ ಆ ಮಾತು ಕೇಳಬೇಕು... ಅಷ್ಟೇ ಅವಳ ಆಸೆ.

ಅಂಥವಳಿಗೆ ಮೇಷ್ಟ್ರ ಹೆಂಡತಿ ಶ್ರೀಲತಾ ಅಡುಗೆಮನೆಯಲ್ಲಿ ಮಿಕ್ಸಿ ಗರಗರ ಹಾಕಿಕೊಂಡು, ಗಂಡನಿಗೆ ಕೇಳಿಸದಂತೆ ಫೋನು ಮಾಡಿದಳು. ಅರ್ಧ ಮಾತು ಮಿಕ್ಸಿಗೇ ಹೋದರೂ ಅತ್ತಿಗೆಗೆ ವಿಷಯ ತಿಳಿಯಿತು. ರೇಷ್ಮೆ ರವಿಕೆಯ ಮೇಲೆ ಎರಡು ಹನಿ ಬಿದ್ದವು. "ಬತ್ತೀನಿ ಕಣಮ್ಮ," ಎಂದಳು ಆದೆಮ್ಮ, "ನೂರಲ್ಲ, ಸಾವ್ರ ಸಲ ಬರ್ಕಂಡ್ ಬತ್ತೀನಿ." ಆ ಸಂಜೆಯೇ ಅಳತೆಯ ಪುಸ್ತಕ ತೆಗೆದು, ಯಾರದೋ ತೋಳು ಒಂಬತ್ತು, ಯಾರದೋ ಎದೆ ಮೂವತ್ತಾರು ಎಂಬ ಸಾಲುಗಳ ನಡುವೆ ಜಾಗ ಮಾಡಿಕೊಂಡು ಬರೆಯತೊಡಗಿದಳು. ನೂರನೆಯದು ಮುಗಿದಾಗ ಅಭ್ಯಾಸಬಲದಿಂದ ಕೆಳಗೊಂದು ಶತದಿನೋತ್ಸವದ ಷೀಲ್ಡಿನ ಚಿತ್ರವನ್ನೂ ಬರೆದಳು.

ಭಾನುವಾರ ಮೊದಲ ಬಸ್ಸಿಗೆ ಹೊರಟಾಗ ಅವಳ ಜೊತೆಗೆ ಪೆದ್ದಣ್ಣ ಇದ್ದ. ನಲವತ್ತು ವರ್ಷ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿದ ಮುದುಕ. ಆದೆಮ್ಮನಿಗೆ ಮೊಣಕಾಲು ನೋವು, ಗೋಣಿಚೀಲ ಹೊರಲು ಒಬ್ಬರು ಬೇಕಿತ್ತು. ಬಟ್ಟೆಚೂರಿನ ಚೀಲ ಯಾಕೆ ಎಂದರೆ, ಹೀರೋಯಿನ್ ಬಿಡುಗಡೆ ಎಂದು ಅಚ್ಚು ಹಾಕಿಸಿರುವಾಗ ಬರಿಗೈಯಲ್ಲಿ ಹೋಗುವುದು ಅವಳಿಂದಾಗದ ಮಾತು. ಆ ಮನೆಯಲ್ಲಿ ಸಿನಿಮಾದ ಸುದ್ದಿ ಎತ್ತಕೂಡದು ಎಂದು ಪೆದ್ದಣ್ಣನಿಂದ ಆಣೆ ಮಾಡಿಸಿಕೊಂಡಳು. ಅವನು ದೇವರ ಮೇಲೆ ಬೇಡ ಎಂದು ಬೆಳ್ಳಿಪರದೆಯ ಮೇಲೆ ಆಣೆ ಮಾಡಿದ. ರೊದ್ದಂ ಹತ್ತಿರ ಬಸ್ಸು ತಿರುಗುವಾಗ ಆದೆಮ್ಮ ಅಪ್ಪನ ಹೊಲದ ದಿಕ್ಕಿಗೆ ಕೈ ಮುಗಿದು, ಇವತ್ತೊಂದು ದಿನ ದಾಟಿಸಪ್ಪ ಎಂದು ಬೇಡಿಕೊಂಡಳು.

ಕಲ್ಯಾಣದುರ್ಗದ ಮನೆ ಟಾಕೀಸೇ ಆಗಿತ್ತು. ಬಾಗಿಲಲ್ಲಿ ಕಪ್ಪು ಕನ್ನಡಕ ಹಾಕಿದ ಮೂರು ತಿಂಗಳ ಮಗುವಿನ ಆಳೆತ್ತರದ ಫ್ಲೆಕ್ಸು, ಅದಕ್ಕೆ ಹೂವಿನ ಹಾರ. ತೊಟ್ಟಿಲಿಗೆ ಕೆಂಪು ಪರದೆ. ಬಂದವರ ಕೈಗೆಲ್ಲ ಪಾಪ್‌ಕಾರ್ನಿನ ಪೊಟ್ಟಣ. ಹಲ್ಲಿಲ್ಲದ ಗಂಗುಲಮ್ಮ ಒಂದೊಂದೇ ಅರಳನ್ನು ಕುಟ್ಟಣಿಯಲ್ಲಿ ಹಾಕಿ ಕುಟ್ಟುತ್ತಿದ್ದರು. ಮೇಷ್ಟ್ರು ಇವೆಲ್ಲಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಆದೆಮ್ಮ ಹೊಸ್ತಿಲು ದಾಟಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತರು. ಆದರೆ ಹೊರಟ ಮಾತು ಹೆಂಡತಿಗೆ. "ಹಿಂದೂಪುರದವರಿಗೆ ಕಾಫಿ ಕೊಡು."

ಆದೆಮ್ಮ ಅಳತೆಯ ಪುಸ್ತಕ ಮುಂದಿಟ್ಟಳು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು ಒಂದೊಂದಾಗಿ ಎಣಿಸಿದರು. ನಡುವೆ ಬಂದ ತೋಳಿನ ಅಳತೆಗಳನ್ನು ಬಿಟ್ಟು ಎಣಿಸಿದರು. ನೂರು ಸರಿಯಾಗಿತ್ತು. ಷೀಲ್ಡಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದು, ಕೆಳಗೆ ತಾರೀಖು ಹಾಕಿ ಸಹಿ ಮಾಡಿದರು.

ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಗೋಣಿಚೀಲ ಹೊತ್ತು ಒಳಗೆ ಬಂದ ಪೆದ್ದಣ್ಣ ನಡುಮನೆಯ ಗೋಡೆಯ ಕಡೆ ನೋಡಿದ. ಅಲ್ಲಿ ಗಂಧದ ಹಾರ ಹಾಕಿದ ದೊಡ್ಡ ಪಟ. ಹಣೆಯ ತುಂಬ ವಿಭೂತಿ, ಕಣ್ಣಲ್ಲಿ ಪ್ರಶಾಂತ ನೋಟ. ದಿವಂಗತ ಈರಲಿಂಗಪ್ಪನವರು. ಪೆದ್ದಣ್ಣನ ಮುಖ ಅರಳಿತು, ಚೀಲ ಕೆಳಗೆ ಬಿತ್ತು.

"ಅಯ್ಯಯ್ಯೋ, ನಮ್ಮ ಶನಿವಾರಂ ಯಜಮಾನ್ರು ಕದಾ ಇವ್ರು! ಕಂಬದ ಪಕ್ಕದ ಸೀಟು!"

ಗಂಗುಲಮ್ಮನ ಕುಟ್ಟಣಿ ನಿಂತಿತು. ಆದೆಮ್ಮ ಬಿಳಿಚಿಕೊಂಡಳು. ಈರಲಿಂಗಪ್ಪನವರ ಶನಿವಾರಗಳು ಆ ವಂಶದ ಹೆಮ್ಮೆ. ಪ್ರತಿ ಶನಿವಾರ ಒಪ್ಪೊತ್ತು ಉಪವಾಸವಿದ್ದು, ಹಿಂದೂಪುರದ ಆಂಜನೇಯನ ಗುಡಿಗೆ ಹೋಗಿ, ಕತ್ತಲಾಗುವ ಹೊತ್ತಿಗೆ ಕುಂಕುಮ ಪ್ರಸಾದದೊಡನೆ ಮರಳುತ್ತಿದ್ದ ತಂದೆಯ ನಿಷ್ಠೆಯನ್ನು ಮೇಷ್ಟ್ರು ಮೂವತ್ತೈದು ವರ್ಷ ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳಿಗೆ ಹೇಳಿದ್ದರು.

"ಏನಂದ್ರಿ?" ಎಂದರು ಮೇಷ್ಟ್ರು.

ಪೆದ್ದಣ್ಣನಿಗೆ ಆಣೆ ನೆನಪಾಯಿತು. "ಏಮೀ ಲೇದು, ಏನಿಲ್ಲ ಸಾರ್. ಶನಿವಾರ ಶನಿವಾರ ಗುಡಿಗೆ ಬತ್ತಿದ್ರು ಅಂದೆ."

"ಯಾವ ಗುಡಿ?"

"ಅದೇ ಸಾರ್... ಬಾಲ್ಕನಿ ಇರೋ ಗುಡಿ."

"ಆ ಗುಡಿಯಲ್ಲಿ ನೀವೇನು ಮಾಡ್ತಿದ್ರಿ?"

"ಟಿಕೆಟ್ ಹರೀತಿದ್ದೆ ಸಾರ್," ಎಂದು ಪೆದ್ದಣ್ಣ ತಲೆ ತಗ್ಗಿಸಿದ.

ಮೇಷ್ಟ್ರು ಮೆಲ್ಲಗೆ ಅಕ್ಕನ ಕಡೆ ತಿರುಗಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಅವಳ ಮುಖವನ್ನೇ ನೇರವಾಗಿ ನೋಡಿದರು. ಆದೆಮ್ಮ ಗೋಡೆಗೆ ಒರಗಿ ಕುಸಿದು ಕುಳಿತಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಎಲ್ಲವನ್ನೂ ಹೇಳಿದಳು. ಅಪ್ಪ ಗುಡಿಗೆ ಹೋಗುತ್ತಿದ್ದುದು ನಿಜ, ಐದು ನಿಮಿಷ. ಆಮೇಲೆ ನೇರ ಮಗಳ ಮನೆಗೆ ಬಂದು, ಅವಳನ್ನು ಹೊರಡಿಸಿಕೊಂಡು ಮ್ಯಾಟಿನಿಗೆ. ರೊದ್ದಂ ಕಡೆಯವರು ಯಾರಾದರೂ ಕಂಡಾರೆಂದು ಕಂಬದ ಮರೆಯ ಸೀಟು. ಊರಲ್ಲಿ ಭಜನೆಯ ಯಜಮಾನ, ಇಲ್ಲಿ ಕಡಲೆಕಾಯಿ ಸುಲಿಯುತ್ತಾ ನಾಯಕನಿಗೆ ಶಿಳ್ಳೆ ಹೊಡೆಯುವ ಮನುಷ್ಯ. ಕೊನೆಯ ಎರಡು ಶನಿವಾರ ನೋಡಿದ್ದು 'ಪೆನ್ನೇಟಿ ಮೊನಗಾಡು'. ಮೂರನೆಯ ವಾರ ಆಸ್ಪತ್ರೆ ಸೇರಿದರು.

"ಆಸ್ಪತ್ರೆನಾಗೆ ನನ್ನ ಕೈ ಹಿಡ್ಕಂಡು ಹೇಳ್ದ ಕಣೋ ರಘು. 'ಮಗೀಗೆ ನನ್ನೆಸ್ರು ಬ್ಯಾಡ ಕಣವ್ವ, ಮುರಳಿಕೃಷ್ಣ ಅಂತ ಇಕ್ಕು. ಯಾಕಂತ ರಘುಗೆ ಹೇಳ್ಬ್ಯಾಡ. ನಾನು ಗುಡಿಗೆ ಹೋಯ್ತಿದ್ದೆ ಅಂತ್ಲೇ ಅವ್ನು ತಿಳ್ಕಂಡಿರ್ಲಿ' ಅಂದ. ಏನ್ ಮಾಡ್ಲಪ್ಪ... ಸಾಯೋನ ಮಾತು. ನೀನು ಬೈದ್ರೆ ನನ್ನ ಬೈಕೋ, ಅಪ್ಪನ್ನ ಬೈಬಾರ್ದು ಅಂತ ಸುಮ್ಕಾದೆ."

ಇಪ್ಪತ್ತೆಂಟು ವರ್ಷ! ಸತ್ತ ತಂದೆಯ ಮರ್ಯಾದೆಗಾಗಿ ಬದುಕಿದ್ದ ತಮ್ಮನನ್ನೇ ಕಳೆದುಕೊಂಡಿದ್ದಳು ಆ ಅಕ್ಕ. ಶ್ರೀಲತಾ ಬಾಗಿಲಿಗೆ ಮುಖ ಒತ್ತಿ ಅಳತೊಡಗಿದಳು. ಮೇಷ್ಟ್ರು ಮಾತ್ರ ಪೆದ್ದಣ್ಣನ ಕಡೆ ನೋಡಿ, ಉಪವಾಸವನ್ನಾದರೂ ಮಾಡುತ್ತಿದ್ದರೇ ಎಂದು ಕೇಳಿದರು. ಇಂಟರ್‌ವಲ್ಲಿನಲ್ಲಿ ಎರಡೇ ಎರಡು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು ಎಂದು ಪೆದ್ದಣ್ಣ ಪ್ರಾಮಾಣಿಕವಾಗಿ ಉತ್ತರಿಸಿದ.

ಆಗ ಮೇಷ್ಟ್ರ ದನಿ ಒಡೆಯಿತು. ಶಾಲೆಯ ಭಾಷೆ ಬಿಟ್ಟುಹೋಗಿ ಊರಿನ ಮಾತು ಹೊರಬಂತು. "ಆಯ್ತು, ಅಪ್ಪನೇ ಹೇಳ್ದ. ಹೇಳಿದ್ರೂ... ನನ್ನ ಮಗಂಗೆ ಸತ್ತೋನ ಹೆಸ್ರು ಇಕ್ಬೋದಾ? ಅದೂ ನೀರಿಗೆ ಬಿದ್ದು ಸತ್ತೋನ ಹೆಸ್ರು?"

"ಸತ್ತೋನಾ? ಯಾರ್ಲಾ ಸತ್ತೋನು?" ಆದೆಮ್ಮನಿಗೆ ದಿಗಿಲಾಯಿತು.

ಈಗ ಮೇಷ್ಟ್ರ ಸರದಿ. ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ ಹೇಳದ ಗುಟ್ಟನ್ನು ಅವರು ತಲೆ ತಗ್ಗಿಸಿಕೊಂಡು ಹೇಳಿದರು. ನಾಮಕರಣವಾದ ತಿಂಗಳಿಗೆ ಆ ಸಿನಿಮಾ ಆಗ ಅವರು ಪಾಠ ಮಾಡುತ್ತಿದ್ದ ಮಡಕಶಿರಾಕ್ಕೆ ಬಂದಿತ್ತು. ತಮ್ಮ ಮಗನಿಗೆ ಇಟ್ಟ ಹೆಸರಿನ ಮನುಷ್ಯ ಎಂಥವನು ಎಂದು ತಿಳಿಯದೆ ಅವರಿಗೆ ನಿದ್ದೆ ಬಾರದಾಯಿತು. ಶಿಷ್ಯರು ಗುರುತು ಹಿಡಿಯದಂತೆ ತಲೆಗೆ ಟವಲ್ ಸುತ್ತಿಕೊಂಡು, ಜೀವನದಲ್ಲಿ ಮೊದಲ ಮತ್ತು ಕೊನೆಯ ಸಲ ಟಾಕೀಸಿನೊಳಗೆ ಕಾಲಿಟ್ಟರು. ಕಥೆ ಚೆನ್ನಾಗಿಯೇ ನಡೆಯಿತು. ಮುರಳಿಕೃಷ್ಣ ಸಜ್ಜನನೇ ಆಗಿದ್ದ. ಆದರೆ ದಾಯಾದಿಗಳು ಅವನನ್ನು ಬಂಡೆಯ ಮೇಲಿಂದ ಪೆನ್ನೇರಿಗೆ ತಳ್ಳಿಬಿಟ್ಟರು. ನೀರಿನ ಮೇಲೆ ಅವನ ರುಮಾಲು ಒಂದೇ ತೇಲಿತು. ದೀಪ ಹತ್ತಿತು.

"ಮಂದಿ ಎದ್ರು, ನಾನೂ ಎದ್ದು ಬಂದ್ಬುಟ್ಟೆ. ಸತ್ ಮ್ಯಾಲೆ ಇನ್ನೇನ್ ನೋಡೋದು? ಅವತ್ತಿಂದ ಈ ಹುಡ್ಗ ಬಚ್ಚಲಿಗೆ ಹೋದ್ರೂ ನಂಗೆ ಎದೆ ಹೊಡ್ಕಂತದೆ..."

ಆದೆಮ್ಮ ತಮ್ಮನನ್ನೇ ನೋಡುತ್ತಾ ಕುಳಿತಳು. ಅವಳಿಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಹೇಳುವುದು ಕಷ್ಟ. ಹಿಂದೂಪುರದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಒಂದು ಸಂಗತಿ, ಗಣಿತದಲ್ಲಿ ಪದಕ ಪಡೆದ ಈ ಹೆಡ್‌ಮಾಸ್ಟರಿಗೆ ಗೊತ್ತಿರಲಿಲ್ಲ!

"ಅಯ್ಯೋ ನನ್ನಪ್ಪನೇ, ಅದು ಇಂಟರ್‌ವಲ್ ಕಣೋ! ಅವ್ನು ಸತ್ತಿಲ್ಲ ಕಣೋ! ಆಮ್ಯಾಕೆ ಬತ್ತಾನೆ!"

"ಬತ್ತಾನಾ?"

"ಗಡ್ಡ ಬಿಟ್ಕಂಡು ಬತ್ತಾನೆ! ಅದಕ್ಕೇ ಅಪ್ಪ ಆ ಹೆಸ್ರು ಹೇಳಿದ್ದು. 'ಹೋದ ಅಂತ ಎಲ್ರೂ ಅಳ್ತಿರೋವಾಗ ತಿರುಗಾ ಬತ್ತಾನಲ್ಲವ್ವ, ಅಂಥೋನ ಹೆಸ್ರು ಇಕ್ಕು' ಅಂದ. ತಾನೇ ತಿರುಗಾ ಬತ್ತೀನಿ ಅಂತ ಹೇಳ್ದ ಕಣೋ, ಸಾಯೋ ಮನ್ಸ..."

ಅಷ್ಟು ಹೊತ್ತು ಕಂಬದಂತೆ ನಿಂತಿದ್ದ ಮುರಳಿಕೃಷ್ಣ, ಇದಕ್ಕೇ ಏನಪ್ಪ ನನ್ನನ್ನು ಈಜಲು ಬಿಡಲಿಲ್ಲ, ಇದಕ್ಕೇ ಏನಪ್ಪ ಸೇತುವೆ ಸೇತುವೆಗೂ ಫೋನು ಎಂದು ಜೀವಮಾನದಲ್ಲಿ ಮೊದಲ ಸಲ ತಂದೆಯನ್ನು ದನಿ ಎತ್ತಿ ಕೇಳಿದ. ಗಂಗುಲಮ್ಮ ಕುಟ್ಟಣಿಯನ್ನು ಪಕ್ಕಕ್ಕೆ ಸರಿಸಿದರು.

"ಅಲ್ಲ ಕಣ್ಲಾ ರಘು, ಪೆನ್ನೇರಿಗೆ ಬಿದ್ದು ಯಾವನಾರ ಸಾಯ್ತಾನೇನ್ಲಾ? ನಾ ಕಂಡಂಗೆ ಅದರಾಗೆ ಇದ್ದಿದ್ದೆಲ್ಲ ಬರೀ ಮರಳು. ಇಷ್ಟು ಓದಿದ್ಯಲ್ಲ, ಅಷ್ಟು ತಿಳೀಲಿಲ್ವಾ?"

ಮೊದಲು ನಕ್ಕವಳು ಸ್ಪಂದನ. ಆಮೇಲೆ ಶ್ರೀಲತಾ, ಅಳುತ್ತಲೇ ನಕ್ಕಳು. ಬಂದ ನೆಂಟರೆಲ್ಲ ಪಾಪ್‌ಕಾರ್ನಿನ ಪೊಟ್ಟಣ ಹಿಡಿದು ಬಾಗಿಲ ತುಂಬ ನಿಂತು ನೋಡುತ್ತಿದ್ದರು. ಥೀಮಿಗೆ ಅದಕ್ಕಿಂತ ಹೊಂದುವ ನೋಟ ಬೇರೆ ಇರಲಿಲ್ಲ. ಹತ್ತೂಮುಕ್ಕಾಲಾಯಿತು, ಮುಹೂರ್ತ ಮೀರುತ್ತದೆ ಎಂದು ಯಾರೋ ಕೂಗಿದರು. ಮೇಷ್ಟ್ರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಜೀವನದಲ್ಲಿ ಒಮ್ಮೆಯೂ ಗಂಟೆ ತಪ್ಪಿಸದ ಮನುಷ್ಯ ಕುರ್ಚಿಯಿಂದ ಇಳಿದು, ಗರಿಗರಿ ಪಂಚೆ ಮುದುಡುವುದನ್ನೂ ಲೆಕ್ಕಿಸದೆ, ಆದೆಮ್ಮನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

"ಆಮೇಲೆ ಏನಾಯ್ತಕ್ಕ?" ಎಂದರು.

ಆದೆಮ್ಮ ಎಷ್ಟೋ ಶುಕ್ರವಾರ ಪರದೆಯ ಮೇಲೆ ಯಾರ ಯಾರದೋ ತಮ್ಮಂದಿರ ಬಾಯಲ್ಲಿ ಕೇಳಿದ ಮಾತು ಅದು. ಅವಳು ತಮ್ಮನ ಬಿಳಿ ತಲೆಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಕಂಬವಿಲ್ಲದೆ, ಇಡೀ ಮನೆಯ ಮುಂದೆ ಗಟ್ಟಿಯಾಗಿ ಅತ್ತಳು. ಮೇಷ್ಟ್ರೂ ಅತ್ತರು. ಪೆದ್ದಣ್ಣ ಹಳೆಯ ಅಭ್ಯಾಸದಂತೆ ಓಡಿಹೋಗಿ ನೀರು ತಂದ.

ನೀರು ಕುಡಿದ ಮೇಲೆ ಆದೆಮ್ಮ ಕಥೆಯ ಉಳಿದರ್ಧ ಹೇಳಿದಳು. ಹೇಳಿದಳೆಂದರೆ ಸಾಲದು, ಆಡಿ ತೋರಿಸಿದಳು. ಮೊಣಕಾಲು ನೋವು ಮರೆತು ಎದ್ದು ನಿಂತು ಹೊಳೆಯಿಂದ ಮೇಲೆದ್ದಳು, ಕುರುಬರ ಹಟ್ಟಿಯಲ್ಲಿ ಹನ್ನೆರಡು ವರ್ಷ ಕುರಿ ಕಾಯ್ದಳು, ದಾಯಾದಿಗಳಿಗೆ ಶ್ರೀಲತಾಳ ಸೌಟಿನಿಂದಲೇ ಬಾರಿಸಿದಳು. ಮೇಷ್ಟ್ರು ಮೊದಲ ಬೆಂಚಿನ ಹುಡುಗನಂತೆ ಕಣ್ಣು ಪಿಳುಕಿಸದೆ ಕೇಳಿದರು. ಆ ಹನ್ನೆರಡು ವರ್ಷವೂ ಹೊಳೆಯ ದಡದಲ್ಲಿ ಪ್ರತಿ ಸಂಜೆ ದೀಪ ಹಚ್ಚಿಟ್ಟು ಅವನಿಗಾಗಿ ಕಾದ ನಾಯಕಿಯ ವಿಷಯ ಬಂದಾಗ ಕರ್ಚೀಫು ತೆಗೆದರು.

"ಪಾಪ... ಆ ಹುಡುಗಿ ಹೆಸರೇನಕ್ಕ?"

ಕೆಂಪು ಪರದೆಯ ಹಿಂದೆ ತೊಟ್ಟಿಲಲ್ಲಿ ಮಗು ಕುಂಯ್ ಎನ್ನುತ್ತಿತ್ತು. ಆದೆಮ್ಮ ಅತ್ತ ಒಮ್ಮೆ ನೋಡಿ, ರೆಪ್ಪೆ ಅಲುಗಿಸದೆ ಹೇಳಿದಳು.

"ಲಕ್ಷ್ಮೀದೇವಿ."

ಆ ಸಿನಿಮಾದ ಒಂದು ಆಟವನ್ನೂ ಬಿಡದೆ ಬಾಗಿಲಲ್ಲಿ ನಿಂತು ಕೇಳಿದ್ದ ಪೆದ್ದಣ್ಣ ಫಕ್ಕನೆ ತಲೆಯೆತ್ತಿದ. ಬಾಯಿ ತೆರೆದ. ಆಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಮುಹೂರ್ತ ಮೀರಿ ಇಪ್ಪತ್ತು ನಿಮಿಷಕ್ಕೆ ಪರದೆ ಸರಿಯಿತು. ಆದೆಮ್ಮ ವೀಳ್ಯದೆಲೆ ಮರೆ ಹಿಡಿದು ಮೂರು ಸಲ ಲಕ್ಷ್ಮೀದೇವಿ ಎಂದಳು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಮಗು ಬೆಚ್ಚಿ ಅಳುವುದಕ್ಕೂ, ಯಾರೋ ಹಿಂದಿನಿಂದ ಬಣ್ಣದ ಬಟ್ಟೆಚೂರುಗಳನ್ನು ಎರಚುವುದಕ್ಕೂ ಸರಿಹೋಯಿತು. ಎಲ್ಲರೂ ತಿರುಗಿ ನೋಡಿದರೆ ಮೇಷ್ಟ್ರು. ಗೋಣಿಚೀಲದಲ್ಲಿ ಎರಡೂ ಕೈ ಮುಳುಗಿಸಿ ನಿಂತಿದ್ದರು. ಅಭ್ಯಾಸವಿಲ್ಲದ್ದರಿಂದ ಮೊದಲ ಹಿಡಿ ಪೂರ್ತಿ ಗಂಗುಲಮ್ಮನ ತಲೆಯ ಮೇಲೆಯೇ ಬಿದ್ದಿತ್ತು. ಎರಡನೆಯದನ್ನು ತೊಟ್ಟಿಲ ಮೇಲೆ ಎರಚಿದರು. ಮೂರನೆಯದು ಗೋಡೆಯ ಮೇಲಿನ ಪಟಕ್ಕೆ.

ಸಂಜೆ ಅಕ್ಕನನ್ನು ಬಸ್ಸು ಹತ್ತಿಸಲು ಮೇಷ್ಟ್ರೇ ಬಂದರು. ಕಿಟಕಿಯ ಸರಳು ಹಿಡಿದು ನಿಂತು, ಆ ಕಡೆ ಈ ಕಡೆ ನೋಡಿ, ಯಾರಿಗೂ ಕೇಳಿಸದಂತೆ ಹೇಳಿದರು. "ಬರೋ ಶನಿವಾರದಿಂದ ನಾನೂ ಉಪವಾಸ ಹಿಡೀಬೇಕು ಅಂತಿದ್ದೀನಿ ಅಕ್ಕ. ಹಿಂದೂಪುರದ ಗುಡಿಗೆ ಬತ್ತೀನಿ."

"ಬಾರಪ್ಪ," ಎಂದಳು ಆದೆಮ್ಮ. "ಬಜ್ಜಿ ನಾನು ಕೊಡಿಸ್ತೀನಿ. ಆದ್ರೆ ಇಂಟರ್‌ವಲ್‌ಗೆ ಎದ್ದು ಹೋಗ್ಬಾರ್ದು."

ಬಸ್ಸು ಊರು ದಾಟಿತು. ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದ ಪೆದ್ದಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಒಮ್ಮೆ ಕೆಮ್ಮಿದ.

"ಅದಲ್ಲ ಆದೆಮ್ಮಕ್ಕ, ಆ ಪಿಚ್ಚರ್‌ನಾಗೆ ಹೀರೋಯಿನ್ ಹೆಸ್ರು..."

ಆದೆಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ತಮ್ಮ ಇನ್ನೂ ಅಲ್ಲೇ ರಸ್ತೆಯಲ್ಲಿ ನಿಂತಿರುವನೇನೋ ಎಂಬಂತೆ ನಗುತ್ತಿದ್ದಳು.

"ಆಟ ಮುಗೀತು ಪೆದ್ದಣ್ಣ," ಎಂದಳು. "ಗೇಟ್ ಹಾಕು."